ಬಿಂದಿಗೆಯ ಒಳಮೈ

ಐವತ್ತರ ದಶಕದ ಕೊನೆಯ ಮಾತು. ಚಿನ್ನದ ಗಣಿ ಕೂಲಿಗಳ ಸಾಲುಮನೆ, ನಮ್ಮ ಉರಿಗಾಂ ಲೈನಿನ ಹೆಂಗಸರಿಗೆ ತಾಮ್ರದ ಬಿಂದಿಗೆ ಎಂದರೆ ಮೂಗುತಿಗಿಂತ ಹೆಚ್ಚು. ನಲ್ಲಿಯ ಮುಂದೆ ಸಾಲಿಗಿಟ್ಟಾಗ ನಮ್ಮದೇ ಥಳಥಳ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಹೊಗಳಿಸಿಕೊಂಡು ಅಮ್ಮ ಬೀಗುತ್ತಿದ್ದಳು. ಹೊಳಪಿಗೆಲ್ಲ ಕಾರಣ ಸೈನೈಡ್ ದಿಬ್ಬದ ಮರಳು, ಚಿನ್ನ ತೆಗೆದ ಮೇಲೆ ಗಣಿಯವರು ಸುರಿಯುತ್ತಿದ್ದ ನುಣ್ಣನೆಯ ಪುಡಿ. ಅದರಲ್ಲಿ ವಿಷವಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅದನ್ನು ಹೊರಮೈಗೆ ಮಾತ್ರ ಹಾಕುತ್ತಿದ್ದರು. ಒಳಗೆ ತಿಕ್ಕಲು ಸಾರಿಗೆ ಉಳಿಸಿದ ಹುಣಸೆಹಣ್ಣಿನಲ್ಲೇ ಒಂದು ಚೂರು.

ಒಳಗಿನ ಕೆಲಸ ನನ್ನದು. ಬಿಂದಿಗೆಯ ಬಾಯಿಗೆ ಅಮ್ಮನ ಬಳೆಗೈ ತೂರುತ್ತಿರಲಿಲ್ಲ, ಏಳು ವರ್ಷದ ನನ್ನ ಕೈ ತೂರುತ್ತಿತ್ತು. ನಾನೋ ಮಹಾ ಮೈಗಳ್ಳಿ. ಹುಣಸೆಹಣ್ಣಿಗೆ ಉಪ್ಪು ಹಚ್ಚಿ ಚಪ್ಪರಿಸಿ, ಎರಡು ಸಲ ನೀರು ಕುಲುಕಿ ಚೆಲ್ಲಿ, "ತಿಕ್ಕಾಯ್ತಮ್ಮ" ಎನ್ನುತ್ತಿದ್ದೆ.

ಆ ಬೇಸಿಗೆಯಲ್ಲಿ ತೊಟ್ಟಿಲ ತಮ್ಮನಿಗೆ ವಾಂತಿಭೇದಿ ಹಿಡಿಯಿತು. ಅಳುವ ಶಕ್ತಿಯೂ ಇಲ್ಲದೆ ಕಣ್ಣು ಗುಳಿಬಿದ್ದು ಮಲಗಿದ.

"ದಿಬ್ಬದ ಮಳ್ಳು ಒಳಕ್ ಬಿತ್ತೇನೋ, ನಾನೇ ನನ್ ಮಗೂಗೆ ಇಸ ಇಕ್ಬಿಟ್ನಲ್ಲಾ" ಎಂದು ಅಮ್ಮ ತಲೆ ಚಚ್ಚಿಕೊಂಡಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ.

ಬೂದಿಕೋಟೆಯಿಂದ ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ಅಜ್ಜಿ ಬಂದಳು. ಮಗುವನ್ನು ನೋಡಿದವಳೇ ಬಿಂದಿಗೆಯನ್ನು ಹೊರಗೊಯ್ದು ನನ್ನನ್ನು ಕರೆದಳು.

"ಒಳಕ್ ಕೈ ಆಕಮ್ಮಿ."

ಹಾಕಿದೆ. ಮೀನಿನ ಮೈಯಂಥ ಲೋಳೆ ಬೆರಳಿಗೆ ಮೆತ್ತಿಕೊಂಡಿತು. ಅಜ್ಜಿ ಅದನ್ನು ಮೂಸಿ ನೋಡಿದಳು.

"ಉಣ್ಸೇಣ್ಣು ಏನ್ ಮಾಡ್ದೆ?"

"ತಿಂದೆ."

ಅಂಗೈ ಉರಿಯುವವರೆಗೂ ಬೂದಿ ಹಾಕಿ ತಿಕ್ಕಿಸಿದಳು. ಆಮೇಲೆ ಕುದಿಸಿದ ನೀರು, ಉಪ್ಪು ಹಾಕಿದ ಗಂಜಿ ತಿಳಿ. ಮೂರನೆಯ ದಿನ ತಮ್ಮ ಹಾಲಿಗಾಗಿ ಜೋರಾಗಿ ಅತ್ತ. ಅಂಥ ಇಂಪಾದ ಅಳು ನಾನು ಮತ್ತೆ ಕೇಳಿಲ್ಲ.

"ನಿನ್ ದಿಬ್ಬದ ಮಳ್ಳಲ್ಲ ಕಣಮ್ಮಿ, ನೀರ್ ಕೆಟ್ಟಿತ್ತು ಅಷ್ಟೇಯ" ಎಂದು ಅಜ್ಜಿ ಅಮ್ಮನಿಗೆ ಹೇಳಿದಳು. ನನ್ನ ಹೆಸರೆತ್ತಲಿಲ್ಲ.

ಅಮ್ಮ ನಂಬಲಿಲ್ಲ. ಮತ್ತೆಂದೂ ದಿಬ್ಬದ ಮರಳು ಮುಟ್ಟಲಿಲ್ಲ. ನಲ್ಲಿ ಸಾಲಿನಲ್ಲಿ ನಮ್ಮ ಬಿಂದಿಗೆಯೊಂದೇ ಕಪ್ಪಗೆ ಕೂತಿರುತ್ತಿತ್ತು. ಹೆಂಗಸರು ಆಡಿಕೊಂಡರೆ ತಲೆ ತಗ್ಗಿಸಿ ನೀರು ಹಿಡಿದುಕೊಂಡು ಬರುತ್ತಿದ್ದಳು. ನಾನಂತೂ ದಿನಾ ಒಳಗೆ ತಿಕ್ಕಿದ್ದೇ ತಿಕ್ಕಿದ್ದು.

ಬಿಂದಿಗೆ ಈಗ ನನ್ನ ಮನೆಯಲ್ಲಿದೆ, ಹೊರಮೈ ಇನ್ನೂ ಕಪ್ಪಗೇ. "ಅಕ್ಕ, ಒರಗೂ ಒಸಿ ತಿಕ್ಬಾರ್ದಾ?" ಎಂದು ತಮ್ಮ ಬಂದಾಗಲೆಲ್ಲ ನಗುತ್ತಾನೆ. ಮಗನಿಗೆ ತಾನೇ ವಿಷ ಕೊಟ್ಟೆನೆಂದುಕೊಂಡೇ ಅಮ್ಮ ಕಣ್ಣು ಮುಚ್ಚಿದಳು. ಹುಣಸೆಹಣ್ಣು ತಿಂದವಳು ನಾನೆಂದು ಹೇಳಲು ನನಗೆ ಮೂವತ್ತು ವರ್ಷ ಸಮಯವಿತ್ತು.