ಅವ್ವನಿಗೆ ಗೊತ್ತಿತ್ತು

ನನ್ನ ಅವ್ವ ಕೆರಗೋಡಿನ ಸುತ್ತಮುತ್ತ ಹೆಸರಾದ ಸೂಲಗಿತ್ತಿ. ಹಾಗಾಗಿ ನಿಡಘಟ್ಟದ ಅತ್ತೆಮನೆಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ನನಗೆ ಭಯವೆಂಬುದೇ ಇರಲಿಲ್ಲ.

ಪೆಟ್ರೋಲು ಸಿಗದ ಯುದ್ಧದ ಕಾಲ. ಯಜಮಾನರು ಬಂದು, ಬಲವಂತ ಮಾಡಿ, ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ನನ್ನನ್ನೂ ಅವ್ವನನ್ನೂ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ನನ್ನ ಹೊಟ್ಟೆ ಮುಟ್ಟಿ ನೋಡಿ ಅವ್ವನಿಗೆ ಹೇಳಿದರು: “ಮಗುವಿನ ತಲೆ ಮೇಲಿದೆ. ಇನ್ನೂ ತಿರುಗಬಹುದು. ತಿರುಗದಿದ್ದರೆ ನೋವು ಬರುವ ಮೊದಲೇ ಇಲ್ಲಿಗೆ ಕರೆತನ್ನಿ.”

“ಆಗ್ಲಿ ಬುಡಿ ತಾಯಿ” ಎಂದಳು ಅವ್ವ.

ಆಮೇಲೆ ದಿನಾ ಬೆಳಿಗ್ಗೆ ಬೆಚ್ಚಗಿನ ಹರಳೆಣ್ಣೆ ಹಚ್ಚಿ ಹೊಟ್ಟೆ ನೀವುತ್ತಿದ್ದಳು. ಒಂದು ದಿನ ಕೈ ತೊಳೆಯುತ್ತಾ, “ತಿರುಗ್ಬುಡ್ತು ಕಣವ್ವ. ಇನ್ ಆಸ್ಪತ್ರೆ ಮಾತು ಬುಡು” ಎಂದಳು.

“ಪಕ್ಕೆ ತಾವ ಗುಂಡುಗೆ, ಗಟ್ಟಿಗೆ ಒತ್ತುತದಲ್ಲವ್ವ?”

“ಅದು ಮಗೀನ ಕುಂಡೆ ಕಣೆ. ನಂಗೇ ಯೋಳ್ಕೊಡ್ತೀಯಾ?”

ನಾನು ನಕ್ಕುಬಿಟ್ಟೆ. ಎಲ್ಲ ಸರಿಯಾಗಿದೆ, ಬರಬೇಡಿ ಎಂದು ಯಜಮಾನರಿಗೆ ಕಾಗದ ಬರೆಸಿದೆ.

ನೋವು ಶುರುವಾದದ್ದು ಒಂದು ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ನೀರು ಒಡೆಯಿತು. ಅವ್ವನ ಪಕ್ಕದಲ್ಲಿ ನಿಂತಿದ್ದ ನೆರೆಮನೆಯವಳು ಕೂಗಿದಳು: “ನೀ ಅಂದಂಗೇ ಆಯ್ತಲ್ಲಕ್ಕ! ಕಾಲೇ ಮುಂದು!”

“ಬಾಯ್ ಮುಚ್ಕಂಡು ಇವಳ್ನ ಇಡ್ಕ” ಎಂದು ಅವ್ವ ಗದರಿದಳು.

ಆ ನೋವಿನಲ್ಲೂ ನಾನು ತಲೆಯೆತ್ತಿ ಅವಳ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಮಗುವಿನ ಮೈ ಎದೆಯವರೆಗೆ ಬಂದು ನಿಂತಿತು. ಒಂದು ತೋಳು ತಲೆಯ ಪಕ್ಕಕ್ಕೆ ಎತ್ತಿಕೊಂಡು ಸಿಕ್ಕಿಹಾಕಿಕೊಂಡಿತ್ತು. ಅವ್ವ ಬೆರಳು ತೂರಿಸಿ ಎಳೆದಳು. ನೀಲಿಗಟ್ಟಿದ ಹೆಣ್ಣುಮಗು. ಬಾಯಿಗೆ ಬಾಯಿಟ್ಟು ಊದಿ, ಬೆನ್ನುಜ್ಜಿ, ಅಳಿಸಿದಳು. ಬದುಕಿತು. ಎಡತೋಳು ಮಾತ್ರ ಬಟ್ಟೆಯಂತೆ ಜೋತುಬಿತ್ತು. ಅದಕ್ಕೆ ಮತ್ತೆ ಬಲ ಬರಲೇ ಇಲ್ಲ.

ಬಾಣಂತಿ ನೀರು ಹಾಕುವಾಗ ಕೇಳಿದೆ: “ಗೊತ್ತಿದ್ರೂ ಯಾಕವ್ವ ಸುಳ್ ಯೋಳ್ದೆ?”

ಅವ್ವ ನೀರು ಹುಯ್ಯುವುದನ್ನು ನಿಲ್ಲಿಸಲಿಲ್ಲ. “ನನ್ ಮಗಳ್ನೇ ಮಂಡ್ಯಕ್ ಕಳುಸುದ್ರೆ, ಊರೋರು ಇನ್ ನನ್ನ ಯಾಕ್ ಕರೀತಾರೆ? ಮಗು ಉಳ್ಕತಲ್ಲ, ಸುಮ್ಕಿರು.”

ನನಗೆ ಅಳು ಬರಲಿಲ್ಲ. ಬಿಸಿನೀರು ಬೆನ್ನ ಮೇಲೆ ಇಳಿಯುತ್ತಿತ್ತು. ಆ ಕೈ ನನ್ನನ್ನು ಮುಟ್ಟುವುದೇ ಬೇಡವೆನಿಸಿತು.

ಎರಡನೆಯ ಹೆರಿಗೆಗೆ ತವರಿಗೆ ಹೋಗಲಿಲ್ಲ. ಮಂಡ್ಯದ ಆಸ್ಪತ್ರೆಯಲ್ಲೇ ಆಯಿತು. ಅವ್ವನಿಗೆ ತಿಳಿಸಿದ್ದು ಹೆಸರಿಡುವ ಹೊತ್ತಿಗೆ. ಅಷ್ಟರಲ್ಲಿ ಅವಳಿಗೆ ಇನ್ನಷ್ಟು ಹೆಸರು ಬಂದಿತ್ತು. ಕಾಲು ಮುಂದಾಗಿ ಬಂದ ಮೊಮ್ಮಗಳನ್ನು ಉಳಿಸಿದವಳೆಂದು ದೂರದ ಊರುಗಳಿಂದಲೂ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಆ ಮಾತನ್ನು ನನ್ನೆದುರಿಗೇ ಆಡಿದವರಿಗೂ ನಾನು ನಿಜ ಹೇಳಲಿಲ್ಲ.