ಕನ್ನಡಿಯವನ ಮೀಸೆ

ಮೂವತ್ತು ವರ್ಷ ಕನ್ನಡಿಯೆದುರು ನಿಂತು ಊರವರ ಕೂದಲು ಕತ್ತರಿಸಿದ ಕ್ಷೌರಿಕನ ತಲೆ ಕೆಡಿಸಿದ್ದು ಮಗಳ ಒಂದೇ ಪ್ರಶ್ನೆ.

"ಅಪ್ಪಾ, ಕನ್ನಡಿ ಎಡಾನ ಬಲ ಮಾಡತ್ತಲ್ಲ, ಮತ್ತೆ ತಲೇನ ಯಾಕೆ ಕೆಳಗೆ ಮಾಡಲ್ಲ?"

ಅವನು ಕನ್ನಡಿಯನ್ನು ಗೋಡೆಯಿಂದ ಇಳಿಸಿ ಅಡ್ಡ ತಿರುಗಿಸಿದ. ಗಿರಾಕಿಗಳ ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿಯೂ ನೋಡಿದ. ತಲೆಬುಡ ತಿಳಿಯಲಿಲ್ಲ. ಹಾಳಾದ್ದು ಎಂದು ಗೊಣಗುತ್ತ ಕನ್ನಡಿಯನ್ನು ಮತ್ತೆ ಗೋಡೆಗೆ ತೂಗುಹಾಕಿ, ಅದರಲ್ಲಿ ನೋಡಿಕೊಂಡು, ಕೊಂಚ ಉದ್ದವಾಗಿದ್ದ ತನ್ನ ಬಲಮೀಸೆಗೆ ಕತ್ತರಿ ಹಿಡಿದ. ಇಷ್ಟು ವರ್ಷ ಕೈಗೆ ತಾನಾಗಿ ಗೊತ್ತಿದ್ದದ್ದು, ಇವತ್ತು ಯೋಚಿಸಿದ್ದೇ ತಡ, ಮರೆತುಹೋಗಿತ್ತು. ಚಕ್ಕನೆ ಅರ್ಧ ಮೀಸೆ ಉದುರಿತು.

ಊಟಕ್ಕೆ ಕರೆಯಲು ಬಂದ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ಎಡಗಡೇದು ಎಲ್ಲಿ ಹೋಯ್ತು?"

ಅವನು ಕನ್ನಡಿಯತ್ತ ಬೆರಳು ಮಾಡಿ ಕೇಳಿದ: "ಯಾರ ಎಡಗಡೆ? ನಂದಾ, ಅವನದಾ?"