ಕೊನೆಗೆ ಏನಾಯ್ತು ಅಂತ ಕೇಳೋ ಲೈಬ್ರರಿ

ಸ್ಟಿಕ್ಕರ್ ಗೋಂದಿಗೆ ಕೊಬ್ಬರಿ ಎಣ್ಣೆ ಸೇರಿದ್ರೆ ಒಂದು ವಾಸ್ನೆ ಬರುತ್ತೆ, ಹಳೇ ಪುಸ್ತಕದ ಅಂಗಡೀಲಿ ಯಾರೋ ಎಣ್ಣೆ ಸ್ನಾನ ಮಾಡಿದ ಹಾಗೆ. ಮೊನ್ನೆ ಹೊಸ ಸ್ಟೀಲ್ ಡಬ್ಬಿ ಮೇಲಿದ್ದ ರೇಟಿನ ಚೀಟಿ ಕೀಳ್ತಾ ಕೂತಿದ್ದೆ. ಉಗುರಲ್ಲಿ ಆಗ್ಲಿಲ್ಲ, ಒಂದು ತೊಟ್ಟು ಎಣ್ಣೆ ಹಾಕಿ ಉಜ್ಜಿದೆ. ಆ ವಾಸ್ನೆ ಬಂತು ನೋಡಿ, ಹೊರಮಾವಿನ ನಮ್ಮ ಅಡುಗೆಮನೆಯಿಂದ ಸೀದಾ ಲಿಂಗರಾಜಪುರದ ದೊಡ್ಡಮ್ಮನ ಮನೆಯ ಮುಂದಿನ ರೂಮಿಗೆ ಹೋಗಿ ಬಿದ್ದೆ. ಬಿದ್ದ ಜಾಗದಲ್ಲೇ ನನ್ನ ಜೀವಮಾನದ ಅತಿ ದೊಡ್ಡ ದಡ್ಡತನವೂ ಕಾಯ್ತಾ ಕೂತಿತ್ತು. ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಎಂಟನೇ ಕ್ಲಾಸಿನ ಬೇಸಿಗೆ ರಜೇಲಿ ನಾನೊಬ್ಬನೇ ಕೂತು ಒಂದು ಇಡೀ ಲೈಬ್ರರಿಯ ನೆನಪನ್ನ ಅಳಿಸಿಹಾಕ್ದೆ. ಬೆಂಕಿ ಇಟ್ಟಿರ್ಲಿಲ್ಲ, ನೀರು ಸುರಿದಿರ್ಲಿಲ್ಲ. ನೀಟಾಗಿ ಸ್ಟಿಕ್ಕರ್ ಅಂಟಿಸಿದ್ದೆ ಅಷ್ಟೇ.

ನಿಮ್ಮ ಏರಿಯಾದಲ್ಲೂ ಅಂಥದ್ದೊಂದು ಲೈಬ್ರರಿ ಇದ್ದೇ ಇರ್ಬೇಕು, ಮನೆ ಮುಂದಿನ ರೂಮಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗೋ ಅಂಥದ್ದು. ನಮ್ಮದನ್ನ ಶುರು ಮಾಡಿದ್ದು ದೊಡ್ಡಪ್ಪ. ಫ್ಯಾಕ್ಟರಿ ಕೆಲಸದಿಂದ ರಿಟೈರ್ ಆದ್ಮೇಲೆ, ಶಿವಾಜಿನಗರದ ಹಳೇ ಪುಸ್ತಕದವರ ಹತ್ರ ಜೀವನಪೂರ್ತಿ ಕೊಂಡಿದ್ದ ಕಾದಂಬರಿಗಳನ್ನೆಲ್ಲ ಕಬ್ಬಿಣದ ರ್‍ಯಾಕಿಗೆ ಜೋಡಿಸಿ ಅಕ್ಕಪಕ್ಕದವರಿಗೆ ಬಾಡಿಗೆಗೆ ಕೊಡೋಕೆ ಶುರು ಮಾಡಿದ್ರಂತೆ. ಅವ್ರು ಹೋದ್ಮೇಲೆ ದೊಡ್ಡಮ್ಮ ಒಬ್ರೇ ನಡೆಸ್ತಿದ್ರು. ನಮ್ಮ ಮನೆ ಪಕ್ಕದ ಬೀದೀಲೇ, ಸ್ಕೂಲು ಬಿಟ್ರೆ ನಾನು ಇಲ್ಲೇ ಇರ್ತಿದ್ದೆ. ಸಂಜೆ ಗೇಟು ಕಿರುಗುಟ್ಟಿತು ಅಂದ್ರೆ ಯಾರೋ ಬಂದ್ರು ಅಂತ. ಒಳಗೆ ನ್ಯಾಫ್ತಲೀನ್ ಗುಳಿಗೆ, ಊದುಬತ್ತಿ, ಹಿಂದಿನ ಅಡುಗೆಮನೆಯಿಂದ ಬರೋ ಹುಳಿಯ ಒಗ್ಗರಣೆ, ಎಲ್ಲ ಸೇರಿದ ಒಂದು ಗಾಳಿ. ಕಿಟಕಿ ಪಕ್ಕದ ಟೇಬಲ್ಲಲ್ಲಿ ದೊಡ್ಡಮ್ಮ ಕನ್ನಡಕ ಹಾಕ್ಕೊಂಡು, ಮುಂದೆ ಒಂದು ಪುಸ್ತಕ ತೆರೆದಿಟ್ಕೊಂಡು ಕೂತಿರ್ತಿದ್ರು. ಯಾರಾದ್ರೂ ಪುಸ್ತಕ ವಾಪಸ್ ತಂದ್ರೆ ಅದನ್ನ ಕೈಗೆ ತಗೊಂಡು, ಪಕ್ಕದ ಸ್ಟೂಲು ತೋರಿಸಿ, "ಕೂತ್ಕೊಳ್ಳಿ. ಕೊನೆಗೆ ಏನಾಯ್ತು?" ಅಂತ ಕೇಳೋರು. ಅವ್ರು ಹೇಳೋವರೆಗೂ ಬಿಡ್ತಿರ್ಲಿಲ್ಲ. ಇದು ಸ್ಕೂಲಿನ ವೈವಾ ಥರ ಪರೀಕ್ಷೆ, ನಿಜವಾಗ್ಲೂ ಓದಿದ್ದಾರೋ ಇಲ್ವೋ ಅಂತ ಚೆಕ್ ಮಾಡ್ತಾರೆ ಅಂದ್ಕೊಂಡಿದ್ದೆ ನಾನು. ಆ ಭಯಕ್ಕೇ ಒಂದು ಪುಸ್ತಕಾನೂ ತಗೊಳ್ದೆ ಲೈಬ್ರರೀಲಿ ಬೆಳೆದ ಏಕೈಕ ಹುಡುಗ ನಾನು.

ಆ ಲೈಬ್ರರೀಲಿ ಇನ್ನೊಂದು ಪದ್ಧತಿ ಇತ್ತು. ಕಾದಂಬರಿಗಳನ್ನ ರಾಶಿ ರಾಶಿ ಓದೋರಿಗೆ ಯಾವುದು ಓದಿದ್ದು, ಯಾವುದು ಇಲ್ಲ ಅನ್ನೋದು ಮರೆತುಹೋಗುತ್ತಲ್ಲ, ಅದಕ್ಕೆ ಓದಿ ಮುಗಿಸಿದ ಪುಸ್ತಕದ ಹಿಂದಿನ ರಟ್ಟಿನ ಒಳಗಡೆ, ಕೆಳಗಿನ ಮೂಲೇಲಿ, ಪ್ರತಿಯೊಬ್ರೂ ತಮ್ಮದೊಂದು ಗುರುತು ಹಾಕೋರು. ಇನ್ಶೂರೆನ್ಸ್ ಆಫೀಸಲ್ಲಿ ಕೆಲಸ ಮಾಡ್ತಿದ್ದ, ಎದುರುಮನೆ ಸರೋಜಮ್ಮಂದು ಪುಟ್ಟ ಕನಕಾಂಬರ. ಮುನಿರಾಜಪ್ಪನವರದ್ದು ನೇಗಿಲು. ಅವ್ರ ಹೊಲ ಲೇಔಟ್ ಆಗಿ ಎಷ್ಟೋ ವರ್ಷ ಆಗಿತ್ತು, ನೇಗಿಲು ಮಾತ್ರ ಪುಸ್ತಕದಲ್ಲಿ ಉಳಿದಿತ್ತು. ಚಿತ್ರ ಬರೆಯೋಕೆ ಬರ್ದೆ ಅದು ಇಂಗ್ಲಿಷಿನ ಏಳರ ಥರ ಕಾಣ್ತಿತ್ತು, ಅದು ಬೇರೆ ಮಾತು. ಪುಸ್ತಕ ತೆಗೆದ್ರೆ ಮೊದ್ಲು ಹಿಂದಿನ ಮೂಲೆ ನೋಡೋರು, ತಮ್ಮ ಗುರುತಿದ್ರೆ ವಾಪಸ್ ಇಡೋರು. "ನಿಂದ್ಯಾವುದು ದೊಡ್ಡಮ್ಮ?" ಅಂತ ಕೇಳಿದ್ರೆ, "ಹುಡ್ಕು" ಅಂತಿದ್ರು. ನಾನು ಪತ್ತೇದಾರನ ಥರ ಮೂಲೆ ಮೂಲೆ ನೋಡ್ದೆ. ಮೀನು, ನಕ್ಷತ್ರ, ಒಂದು ಕಣ್ಣು, ಸಾಂಬಾರ್ ಕಲೆ. ಆ ಸಾಂಬಾರ್ ಕಲೇನೇ ದೊಡ್ಡಮ್ಮನ ಗುರುತು ಅಂತ ಕೊನೆಗೆ ತೀರ್ಮಾನ ಮಾಡ್ದೆ.

ಬರಬರ್ತಾ ಜನ ಕಮ್ಮಿ ಆದ್ರು. ಸಂಜೆ ಹೊತ್ತು ಎಲ್ಲರ ಮನೇಲೂ ಸೀರಿಯಲ್ಲು, ಕೈಯಲ್ಲಿ ಫೋನು. ಒಂದಿನ ದೊಡ್ಡಮ್ಮ ಹುರುಳಿಕಾಯಿ ನಾರು ತೆಗೀತಾ ಹೇಳಿದ್ರು, "ಆ ಗೇಟಿನ ಸದ್ದು ನಿಂತುಹೋದ್ರೆ ಕಷ್ಟ ಕಣೋ. ಇಷ್ಟು ದೊಡ್ಡ ಮನೇಲಿ ನಾನು ಯಾರ ಜೊತೆ ಮಾತಾಡ್ಲಿ?" ಅಷ್ಟು ಸಾಕಾಯ್ತು ನಂಗೆ. ಲೈಬ್ರರಿಯನ್ನ ಉಳಿಸೋ ವೀರ ನಾನೇ ಅಂತ ಹೊರಟೆ. ಬೆನ್ಸನ್ ಟೌನಲ್ಲಿ ನನ್ನ ಕ್ಲಾಸ್‌ಮೇಟ್ ಒಬ್ಬನ ಮಾವನ ದಿನಸಿ ಅಂಗಡಿ ಮುಚ್ಚಿತ್ತು. ಅಲ್ಲಿಂದ ಕಂಪ್ಯೂಟರ್, ಬಾರ್‌ಕೋಡ್ ಓದೋ ಗನ್ನು, ಸ್ಟಿಕ್ಕರ್ ಪ್ರಿಂಟರ್, ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲ ಆಟೋದಲ್ಲಿ ತಂದೆ. "ಏನ್ ಮಗಾ, ಸ್ಪೇಸ್ ಸೆಂಟರ್ ಇಡ್ತೀಯಾ?" ಅಂದ ಆಟೋದವನು. ಹೆಚ್ಚೂ ಕಮ್ಮಿ ಹಾಗೇ ಅನ್ನೋ ಹಾಗೆ ತಲೆ ಆಡಿಸ್ದೆ. ರಜಾ ಪೂರ್ತಿ ಕೂತು ಪುಸ್ತಕಕ್ಕೆಲ್ಲ ಬಾರ್‌ಕೋಡ್ ಅಂಟಿಸ್ದೆ. ಎಲ್ಲಿ ಅಂಟಿಸೋದು? ಮುಂದಿನ ರಟ್ಟಲ್ಲಿ ಚಿತ್ರ ಇದೆ, ಹಾಳಾಗುತ್ತೆ. ಹಿಂದಿನ ರಟ್ಟಿನ ಒಳಗಡೆ, ಕೆಳಗಿನ ಮೂಲೇಲಿ ಬರೀ ಗೀಚಿದ್ದಾರೆ, ಗಲೀಜು ಬೇರೆ. ಅದನ್ನ ಮುಚ್ಚಿದ ಹಾಗೂ ಆಯ್ತಲ್ಲ ಅಂದ್ಕೊಂಡೆ. ಅಷ್ಟು ದಿನ ಆ ಗುರುತುಗಳನ್ನ ಪತ್ತೇದಾರಿ ಮಾಡಿದ್ದವನೇ ನಾನು. ಗನ್ನು ಕೈಗೆ ಬಂದ ತಕ್ಷಣ ಆ ತಲೆ ಎಲ್ಲಿಗೆ ಹೋಯ್ತೋ ಗೊತ್ತಿಲ್ಲ ಗುರು.

ಉದ್ಘಾಟನೆ ದಿನ ಮೊದಲ ಗಿರಾಕಿ ಮುನಿರಾಜಪ್ಪನವರು. ಗನ್ನು ಹಿಡಿದೆ, ಬೀಪ್ ಅಂತು. ಸ್ಕ್ರೀನ್ ಮೇಲೆ 'ತೊಗರಿಬೇಳೆ, ಒಂದು ಕೆಜಿ' ಅಂತ ಬಂತು. ಅಂಗಡಿಯ ಐಟಂಗಳನ್ನ ಅಳಿಸೋದು ಮರೆತಿದ್ದೆ. ಆಮೇಲೆ ಬಿಲ್ಲು ಹೊರಗೆ ಬಂತು, ಕೆಳಗಡೆ 'ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ' ಅಂತ. ಮುನಿರಾಜಪ್ಪನವರು ಅದನ್ನ ಎರಡು ಸಲ ಓದಿ, "ಹಂಗಾದ್ರೆ ಈ ಕಾದಂಬರಿ ನಂದೇ ಬಿಡು" ಅಂತ ಕಂಕುಳಲ್ಲಿ ಇಟ್ಕೊಂಡು ಹೋದ್ರು. ಮಾರನೇ ದಿನವೇ ವಾಪಸ್ ಬಂದ್ರು. "ಓದಿರೋದನ್ನೇ ಕೊಟ್ಟಿದ್ದೀಯಲ್ಲೋ, ನನ್ನ ನೇಗಿಲು ಎಲ್ಲಿ?" ಅಂತ ಕೇಳಿದ್ರು. ಹಿಂದೆನೇ ಸರೋಜಮ್ಮ ಬಂದು ರ್‍ಯಾಕಿಂದ ಒಂದೊಂದೇ ಪುಸ್ತಕ ತೆಗೆದು ಮೂಲೆ ನೋಡಿ, "ಅಯ್ಯೋ, ಎಲ್ಲದಕ್ಕೂ ಬ್ಯಾಂಡೇಜ್ ಹಾಕಿದ್ದಾನೆ" ಅಂದ್ರು. ಕೊಬ್ಬರಿ ಎಣ್ಣೆ ಬಾಟಲಿ ಹೊರಗೆ ಬಂದಿದ್ದು ಆವಾಗ. ಎಣ್ಣೆ ಹಚ್ಚಿ ನೆನೆಸಿ ಕಿತ್ತೆ. ಸ್ಟಿಕ್ಕರ್ ಜೊತೆ ಕಾಗದದ ಮೇಲ್ಪದರಾನೂ ಕಿತ್ಕೊಂಡು ಬಂತು, ಕನಕಾಂಬರ, ನೇಗಿಲು, ಮೀನು ಎಲ್ಲ ಸ್ಟಿಕ್ಕರಿನ ಬೆನ್ನಿಗೆ ಅಂಟಿಕೊಂಡು. ರೂಮೆಲ್ಲ ಎಣ್ಣೆ ವಾಸ್ನೆ. ಹೇಗೂ ಹೋಯ್ತಲ್ಲ ಅಂತ ಎಣ್ಣೆ ಒರೆಸಿ ಆ ಜಾಗಕ್ಕೆ ಮತ್ತೆ ಹೊಸ ಸ್ಟಿಕ್ಕರ್ ಅಂಟಿಸ್ದೆ. ದೊಡ್ಡಮ್ಮ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಓದಿದ್ಯಾವುದು ಅಂತ ಗೊತ್ತಾಗ್ದೆ ಜನ ಇನ್ನೂ ಕಮ್ಮಿ ಆದ್ರು. ಬರ್ತಿದ್ದವರೂ ನನ್ನ ಗನ್ನಿಂದ ಬೀಪ್ ಅನ್ನಿಸ್ಕೊಂಡು ನಿಂತ ಕಾಲಲ್ಲೇ ಹೊರಡೋರು. ಎಷ್ಟು ಫಾಸ್ಟ್ ಆಯ್ತು ನೋಡು ದೊಡ್ಡಮ್ಮ ಅಂತ ನಾನು ಬೀಗ್ತಿದ್ದೆ. ಸ್ಟೂಲು ಖಾಲಿ ಇರ್ತಿತ್ತು. ದೊಡ್ಡಮ್ಮ ಗೇಟಿನ ಕಡೆ ನೋಡೋರು, ನನ್ನ ಕಡೆ ನೋಡೋರು, ಮತ್ತೆ ಮುಂದಿದ್ದ ಪುಸ್ತಕಕ್ಕೆ ತಲೆ ಬಗ್ಗಿಸೋರು. ಊಟಕ್ಕೆ ಕೂತಾಗ ಮಾತಾಡೋದೇ ನಿಲ್ಲಿಸಿಬಿಟ್ರು. ನಂಗೆ ಹೆದರಿಕೆ ಆಯ್ತು. ಪ್ರಾಯಶ್ಚಿತ್ತಕ್ಕೆ ಓದುಗರನ್ನೆಲ್ಲ ಸೇರಿಸಿ ಫೋನಲ್ಲಿ ಒಂದು ಗ್ರೂಪ್ ಮಾಡ್ದೆ. ದಿನಾ ಒಂದು ಪುಸ್ತಕದ ಮುಖಪುಟದ ಫೋಟೋ ಹಾಕಿ, 'ಇದನ್ನ ಯಾರು ಓದಿದ್ದೀರಿ, ಹೇಳಿ, ಹೊಸದಾಗಿ ಗುರುತು ಹಾಕ್ತೀನಿ' ಅಂತ ಬರೆದೆ. ಹೌದು, ಇಲ್ಲ ಅಂತ ಉತ್ತರ ಬರುತ್ತೆ ಅಂದ್ಕೊಂಡಿದ್ದೆ. ಯಾರಿಗೂ ಟೈಪ್ ಮಾಡೋಕೆ ಬರ್ತಿರ್ಲಿಲ್ಲ, ಎಲ್ರೂ ವಾಯ್ಸ್ ಮೆಸೇಜ್ ಕಳಿಸೋರು. ಅದರಲ್ಲಿ ಇಡೀ ಕಥೆ. ಕುಕ್ಕರ್ ಕೂಗೋದು, ಮೊಮ್ಮಗು ಅಳೋದು, ನಡುವೆ ನಾಯಕಿ ಬಾವಿಗೆ ಹಾರೋದು. ದೊಡ್ಡಮ್ಮ ಫೋನನ್ನ ಕಿವಿಗೆ ಒತ್ತಿ ಹಿಡ್ಕೊಂಡು ಕೇಳ್ತಾ ಕೇಳ್ತಾ, "ಹ್ಞೂಂ, ಹ್ಞೂಂ, ಆಮೇಲೆ?" ಅನ್ನೋರು, ಆ ಕಡೆಯವರಿಗೆ ಕೇಳಿಸುತ್ತೇನೋ ಅನ್ನೋ ಹಾಗೆ.

ಅಷ್ಟರಲ್ಲಿ ಗ್ರೂಪಲ್ಲಿ ಯುದ್ಧ ಶುರುವಾಯ್ತು. ಒಂದು ಕಾದಂಬರೀಲಿ ಕಾಯಿಲೆ ಬಿದ್ದ ಗಂಡ ಕೊನೆಗೆ ಎದ್ದು ಕೂತು ಕಾಫಿ ಕೇಳಿದ ಅಂತ ಸರೋಜಮ್ಮ ಹೇಳಿದ್ರು. "ಸತ್ತೋಗ್ತಾನಲ್ಲಮ್ಮ ಅವ್ನು" ಅಂದ್ರು ಮುನಿರಾಜಪ್ಪ. "ಇಲ್ಲ ರೀ, ಬದುಕ್ತಾನೆ." "ತಿಥಿ ಊಟ ಬರುತ್ತಮ್ಮ ಅದರಲ್ಲಿ, ವಡೆ ಸಮೇತ." "ಅದು ಬೇರೆಯವರ ತಿಥಿ ರೀ." ಇನ್ನೊಂದು ಪುಸ್ತಕಕ್ಕೂ ಹೀಗೇ ಆಯ್ತು, ಮತ್ತೊಂದಕ್ಕೂ. ಎರಡೆರಡು ಪುಸ್ತಕಕ್ಕೆ ಒಂದೇ ನಂಬರಿನ ಬಾರ್‌ಕೋಡ್ ಅಂಟಿಸಿಬಿಟ್ಟಿದ್ದೀನಿ, ಅದಕ್ಕೇ ಒಬ್ಬೊಬ್ರು ಒಂದೊಂದು ಕಥೆ ಹೇಳ್ತಿದ್ದಾರೆ ಅಂತ ಗಾಬರಿಯಾಗಿ, ಗುಟ್ಟಾಗಿ ಎಲ್ಲಾ ನಂಬರನ್ನೂ ಮತ್ತೆ ತಾಳೆ ನೋಡ್ದೆ. ಪುಸ್ತಕ ತೆಗೆದು ಕೊನೇ ಪುಟ ಓದಿದ್ರೆ ಮುಗೀತಿತ್ತು. ಆದ್ರೆ ನಾನ್ಯಾಕೆ ಪುಸ್ತಕ ಓದ್ಲಿ, ನಾನು ಟೆಕ್ನಿಕಲ್ ಡಿಪಾರ್ಟ್‌ಮೆಂಟು. ಅಷ್ಟರಲ್ಲಿ ಜಗಳ ನೇರವಾಗಿ ಮುಗಿಸ್ಕೊಳ್ಳೋಕೆ ಅಂತ ಅವರಿಬ್ರೂ ಲೈಬ್ರರಿಗೇ ಬಂದ್ರು. ಜಗಳ ನೋಡೋಕೆ ಮಿಕ್ಕವರೂ ಬಂದ್ರು. ಗೇಟು ಕಿರುಗುಟ್ತು. ಸ್ಟೂಲು ಸಾಲ್ದೆ ಅಡುಗೆಮನೆಯಿಂದ ಮಣೆ ತಂದು ಹಾಕ್ಬೇಕಾಯ್ತು. ದೊಡ್ಡಮ್ಮ ಬೀಪ್ ಗನ್ನನ್ನ ಡ್ರಾಯರಿಗೆ ಹಾಕಿ, "ಇದು ಅಲ್ಲೇ ಇರ್ಲಿ ಮಗನೇ" ಅಂದು ಕಾಫಿಗೆ ನೀರಿಡೋಕೆ ಎದ್ರು.

ಹಾಗೆ ಇನ್ನೂ ಕೆಲವು ವರ್ಷ ನಡೀತು. ಆಮೇಲೆ ದೊಡ್ಡಮ್ಮನ ಮಂಡಿ ನೋವು ಜಾಸ್ತಿಯಾಯ್ತು, ಆಮೇಲೆ ಅವ್ರೇ ಇಲ್ಲದ ಹಾಗಾಯ್ತು. ಈಗ ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಬಿಲ್ಡಿಂಗ್ ಇದೆ, ಗೇಟು ಸದ್ದೇ ಇಲ್ದೆ ಪಕ್ಕಕ್ಕೆ ಸರಿಯುತ್ತೆ. ಪುಸ್ತಕಗಳು ಒಂದೊಂದು ಮನೆಗೆ ಒಂದಷ್ಟು ಅಂತ ಹಂಚಿಹೋದ್ವು. ಆ ಗ್ರೂಪು ಮಾತ್ರ ಇನ್ನೂ ಇದೆ. ಬೆಳಿಗ್ಗೆ ಯಾರೋ ಒಬ್ರು ಹೂವಿನ ಚಿತ್ರ ಹಾಕ್ತಾರೆ, ಇನ್ಯಾರೋ ಕೈ ಮುಗೀತಾರೆ.

ಡಬ್ಬಿಯ ಚೀಟಿ ಕಿತ್ತ ಮಾರನೇ ದಿನ ಸರೋಜಮ್ಮನ ಮನೆಗೆ ಹೋದೆ. ಅವರೂ ಈಗ ಮಗಳ ಜೊತೆ ಹೊರಮಾವಲ್ಲೇ ಇದ್ದಾರೆ. ನಾನೇ ಮಾಡಿದ ಗ್ರೂಪು ಅವರ ಫೋನಲ್ಲಿ ಜಾಗ ತುಂಬಿಸಿತ್ತು, ಅದನ್ನ ಸರಿ ಮಾಡೋ ನೆಪ. ಹಳೇ ಮೆಸೇಜ್ ಅಳಿಸ್ಲಾ ಅಂತ ಕೇಳಿದ್ದಕ್ಕೆ, ಬೇಡ ಅಂತ ಫೋನನ್ನೇ ಕಿತ್ಕೊಂಡ್ರು. ಸುಮ್ನೆ ಮಾತಿಗೆ, ದೊಡ್ಡಮ್ಮನ ಗುರುತು ಯಾವುದಿತ್ತು, ಆ ಸಾಂಬಾರ್ ಕಲೇನಾ ಅಂತ ಕೇಳಿದೆ. ಅವ್ರು ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಕ್ರು.

"ಗುರುತೆಲ್ಲಿಂದ ಬರುತ್ತೋ, ಓದಿದ್ರೆ ತಾನೇ? ಎರಡು ಪುಟಕ್ಕೆ ನಿದ್ದೆ ಹೋಗ್ತಿದ್ಲು ನಿಮ್ಮ ದೊಡ್ಡಮ್ಮ. ಟೇಬಲ್ ಮೇಲೆ ಯಾವಾಗ್ಲೂ ಅದೇ ಪುಟ ಇರ್ತಿತ್ತು, ನೀನು ನೋಡ್ಲಿಲ್ವಾ? ನಿಮ್ಮ ದೊಡ್ಡಪ್ಪ ದಿನಾ ಓದಿ ಕಥೆ ಹೇಳ್ತಿದ್ರು. ಅವ್ರು ಹೋದ್ಮೇಲೆ ನಾವು ಹೇಳಿದ್ವಿ."

ಹಾಗಾದ್ರೆ ಆ ಕಾಫಿ ಕೇಳಿದ ಗಂಡ, ಅಂದೆ.

"ಸತ್ತೋಗ್ತಾನೆ" ಅಂದ್ರು ಸರೋಜಮ್ಮ. "ಮುನಿರಾಜಪ್ಪ ಹೇಳಿದ್ದೇ ಸರಿ. ನಿಮ್ಮ ದೊಡ್ಡಪ್ಪ ಹೋದ್ಮೇಲೆ ನಾನು ಅವಳಿಗೆ ಹೇಳಿದ ಕಥೇಲಿ ಒಬ್ರನ್ನೂ ಸಾಯಿಸಿಲ್ಲ ಕಣೋ."